ಲೈಫ್‌ಟೈಮ್ ಗ್ಯಾರಂಟಿ ನಕಾಶೆ

ಹಳೇ ಪೇಪರ್ ತೂಕಕ್ಕೆ ಹಾಕಲು ನಮ್ಮ ಬಳ್ಳಾರಿಯ ಕೌಲ್ ಬಜಾರಿಗೆ ಹೋದವನು, ಅಲ್ಲಿಂದ ಇನ್ನೂ ಹಳೇ ಪೇಪರ್ ಹೊತ್ತುಕೊಂಡು ಬಂದೆ. ಹೆಂಡತಿ ನೋಡಿ, "ಹನ್ನೆರಡು ಕೆಜಿ ಕೊಟ್ಟು ಒಂದು ಹಾಳೆ ತಂದ್ರಾ? ಒಳ್ಳೇ ವ್ಯಾಪಾರ" ಅಂದಳು.

ಆದರೆ ಅದು ಎಂಥ ಹಾಳೆ! ಕಂಪನಿ ಸರ್ಕಾರದವರ ಕಾಲದ ಬಳ್ಳಾರಿ ಜಿಲ್ಲೆಯ ನಕಾಶೆ. ಇಂಗ್ಲಿಷಿನಲ್ಲಿ 'ಬೆಲ್ಲಾರಿ' ಅಂತ ಕೊರೆದಿದ್ದಾರೆ. ಅದು ಸರ್ಕಾರಿ ಕಾಗದದಲ್ಲಿ ಬಳ್ಳಾರಿ ಆಗಿದ್ದು 2014ರಲ್ಲಿ. ಗುಡ್ಡಗಳನ್ನು ಸಣ್ಣ ಸಣ್ಣ ಗೀರು ಎಳೆದು ತೋರಿಸಿದ್ದರು. ಸೊಂಡೂರಿನ ಕಡೆ ನೋಡಿದರೆ ಕಂಬಳಿಹುಳಗಳು ಸಾಲಾಗಿ ಹೊರಟ ಹಾಗಿತ್ತು. ಸೊಂಡೂರು ಆಗ ಘೋರ್ಪಡೆಯವರ ಸಂಸ್ಥಾನ ಅಲ್ವಾ, ನಮ್ಮ ಜಿಲ್ಲೆಯ ಹೊಟ್ಟೆಯೊಳಗೇ ಇದ್ದರೂ ಅದರ ಗಡಿಗೆ ಬೇರೆ ಬಣ್ಣ. ಬಣ್ಣವೂ ಕೈಯಲ್ಲೇ ಬಳಿದದ್ದು. ಬಳಿದವನಿಗೆ ಊಟದ ಹೊತ್ತಾಗಿತ್ತೋ ಏನೋ, ಕುಂಚ ಒಂದು ಕಡೆ ಗೆರೆ ದಾಟಿತ್ತು.

ಹಿಸ್ಟರಿ ಮೇಷ್ಟ್ರಾಗಿ ರಿಟೈರ್ ಆದ ಗೆಳೆಯನಿಗೆ ಫೋನ್ ಮಾಡಿದೆ. ವಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡೇ ಬಂದ. ಕಾಗದವನ್ನು ಬೆರಳಲ್ಲಿ ಮುಟ್ಟಿ, "ಇದು ಮರದ ಕಾಗದ ಅಲ್ಲ, ಹಳೇ ಬಟ್ಟೆ ಚಿಂದಿ ಅರೆದು ಮಾಡಿದ್ದು. ಅದಕ್ಕೇ ಇಷ್ಟು ಗಟ್ಟಿ" ಅಂದ. ಸುತ್ತಲೂ ಒಂದು ತಗ್ಗು ಗೆರೆ ಇತ್ತು. ಅದು ಅಚ್ಚು ಹಾಕುವಾಗ ತಾಮ್ರದ ತಗಡಿನ ಅಂಚು ಒತ್ತಿದ ಗುರುತಂತೆ. ಆಮೇಲೆ ಕ್ಲಾಸ್ ಶುರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಂದಾಯ ಕಟ್ಟಿಸಲು ಥಾಮಸ್ ಮನ್ರೋ ಬಂದ, ಅಳೆಯಲು ಕಾಲಿನ್ ಮೆಕೆಂಜಿ ಬಂದ. ಆ ಕಾಲದಲ್ಲಿ ನೆಲ ಅಳೆಯಲು ಕಬ್ಬಿಣದ ಸರಪಳಿ. ನಮ್ಮ ಬಿಸಿಲಲ್ಲಿ ಅದನ್ನು ಎಳೆದುಕೊಂಡು ಓಡಾಡಿದವರನ್ನು ನೆನೆದು ನಾನು ಇನ್ನೊಂದು ಮಿರ್ಚಿ ಎತ್ತಿಕೊಂಡೆ.

ಆಗಲೇ ಅದರ ಕರಿದ ಚೂರೊಂದು ಹೊಸಪೇಟೆಯ ಪಶ್ಚಿಮಕ್ಕೆ, ಹೊಳೆಯ ದಂಡೆಗೆ ಬಿತ್ತು. ಗಾಬರಿಯಲ್ಲಿ ಬೆರಳಿಂದ ಒರೆಸಿದೆ. ಚೂರು ಹೋಯಿತು, ಎಳ್ಳುಕಾಳಿನಷ್ಟು ಕಂದು ಚುಕ್ಕೆ ಉಳಿಯಿತು. ಗೆಳೆಯ ಚಟ್ನಿಯ ಕಡೆ ನೋಡುತ್ತಿದ್ದ. ನಾನೂ ಸುಮ್ನಾದೆ.

ಕೆಳಗಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. "ಇಸವಿ ಇರೋದೇ ಅಲ್ಲಿ. ಭಾನುವಾರ ಭೂತಗನ್ನಡಿ ತರ್ತೀನಿ" ಅಂದು ಹೋದ.

ಭಾನುವಾರದೊಳಗೆ ಫ್ರೇಮ್ ಹಾಕಿಸಿ ಅವನನ್ನು ಬೆರಗಾಗಿಸಬೇಕು ಅಂತ ನನಗೇಕೆ ಅನ್ನಿಸಿತೋ. ಫ್ರೇಮ್ ಅಂಗಡಿಯ ಹುಡುಗ ಎರಡೇ ದಿನದಲ್ಲಿ ಕೊಟ್ಟ. ಪಳಪಳ ಹೊಳೆಯುತ್ತಿತ್ತು. "ಗ್ಲಾಸ್ ಒಡೆದು ಹೋಗ್ತದೆ ಅಣ್ಣ, ಲ್ಯಾಮಿನೇಷನ್ ಮಾಡಿದೀನಿ. ಅಂಚೆಲ್ಲ ಹಳದಿ ಆಗಿತ್ತು, ಕಟ್ ಮಾಡಿ ನೀಟಾಗಿ ಮಾಡಿದೀನಿ. ಲೈಫ್‌ಟೈಮ್ ಗ್ಯಾರಂಟಿ!" ಇಸವಿ ಕಸದ ಬುಟ್ಟಿಗೆ ಹೋಗಿತ್ತು. ತಾಮ್ರದ ತಗಡಿನ ಗುರುತೂ ಹೋಗಿತ್ತು. ಉಳಿದದ್ದು ಬಿಸಿಗೆ ಕರಗಿದ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಹೋಟೆಲಿನ ಮೆನು ಕಾರ್ಡ್ ಆಗಿತ್ತು. ಇನ್ನು ಬಿಡಿಸಲು ಬರುವುದಿಲ್ಲ.

ನಮ್ಮೂರಲ್ಲೊಂದು ಕಥೆ ಇದೆ. ಹೈದರಾಲಿ ಕೋಟೆ ಕಟ್ಟಿಸಿದ ಮೇಲೆ, ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇರುವುದು ಗೊತ್ತಾಯಿತಂತೆ. ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು ಗಲ್ಲಿಗೆ ಹಾಕಿಸಿದನಂತೆ. ಆ ಅಂಗಡಿಯ ಮುಂದೆ ನಿಂತಾಗ ಹೈದರಾಲಿಯ ಮನಸ್ಸು ನನಗೆ ಚೆನ್ನಾಗಿ ಅರ್ಥವಾಯಿತು. ದುಡ್ಡು ಕೊಟ್ಟು ಬಂದೆ.

ಭಾನುವಾರ ಗೆಳೆಯ ಬಂದು ನೋಡಿ ಐದು ನಿಮಿಷ ಮಾತಾಡಲಿಲ್ಲ. ಮೇಷ್ಟ್ರ ಕೋಪ, ಬಯ್ದರೆ ಎಷ್ಟೋ ವಾಸಿ. ಆಮೇಲೆ ತಾನೇ ಸಮಾಧಾನ ಮಾಡಿಕೊಂಡು, "ಅನಂತಪುರ ಇನ್ನೂ ನಿಮ್ಮ ಬಳ್ಳಾರಿ ಜಿಲ್ಲೆಯೊಳಗೇ ಐತೆ. ಅದು ಬೇರೆ ಮನೆ ಮಾಡಿದ್ದು 1882ರಲ್ಲಿ. ಅದಕ್ಕೂ ಹಿಂದಿನದು ಬಿಡು" ಅಂದ.

ಅಷ್ಟರಲ್ಲಿ ಪಕ್ಕದ ಮನೆಯವರು ಸುದ್ದಿ ಕೇಳಿ ಬಂದರು. ಅವರಿಗೂ ತಮ್ಮನಿಗೂ ಬದುವಿನ ಜಗಳ. "ನಮ್ಮ ನಾಲ್ಕೆಕರೆ ಇದರಾಗೆ ಕಾಣ್ತದಾ?" ಅಂದರು. ಇಂಚಿಗೆ ಹತ್ತು ಮೈಲಿಯ ನಕಾಶೆ ಅದು. ಒಂದು ಚದರ ಇಂಚಿನಲ್ಲಿ 64,000 ಎಕರೆ. ಅವರ ಹೊಲದ ಮೇಲೆ ಸೂಜಿಮೊನೆ ಊರಿದರೆ ತಮ್ಮನ ಹೊಲವೂ ಮುಚ್ಚಿಹೋಗುತ್ತದೆ. ಹಾಗಂತ ಹೇಳಿದ್ದಕ್ಕೆ, ನಾನು ತಮ್ಮನ ಕಡೆಯವನು ಅಂತ ತೀರ್ಮಾನಿಸಿ ಎದ್ದು ಹೋದರು.

ಕೊನೆಗೆ ಬಂದವರು ಹೆಂಡತಿಯ ದೊಡ್ಡಪ್ಪ. ಎಂಬತ್ತು ದಾಟಿದವರು. ಅವರ ಊರು ತುಂಗಭದ್ರಾ ಡ್ಯಾಮಿನ ನೀರಲ್ಲಿ ಮುಳುಗಿದ್ದು. 1953ರ ಹೊತ್ತಿಗೆ ಡ್ಯಾಮ್ ಎದ್ದು ನಿಂತಾಗ ಅವರಿನ್ನೂ ಹುಡುಗ. ಕನ್ನಡಕ ಏರಿಸಿ, ಹೊಸಪೇಟೆಯಿಂದ ಹೊಳೆ ಹಿಡಿದು ಬೆರಳು ಸರಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಕಂದು ಚುಕ್ಕೆ.

"ಇಲ್ಲೇ ಐತೆ ನೋಡಪ್ಪಾ ನಮ್ಮೂರು! ಇದು ಹನುಮಪ್ಪನ ಗುಡಿ. ಈ ಕಡೆ ನಮ್ಮ ಮನೆ. ಇಲ್ಲಿ ಹುಣಸೆ ಗಿಡ, ಅದರಿಂದ ಬಿದ್ದೇ ನನ್ನ ಕೈ ಮುರಿದಿದ್ದು." ಎಳ್ಳುಕಾಳಿನಷ್ಟು ಜಾಗದಲ್ಲಿ ಒಂದು ಬಾವಿ, ಎರಡು ಓಣಿ, ಗರಡಿಮನೆಯನ್ನೂ ತೋರಿಸಿದರು.

ಗೆಳೆಯ ಭೂತಗನ್ನಡಿ ಹಿಡಿದು ಬಗ್ಗಿದ. ಚುಕ್ಕೆ ನೋಡಿದ. ನನ್ನ ಮುಖ ನೋಡಿದ. ಮತ್ತೆ ಚುಕ್ಕೆ ನೋಡಿ, "ಹೌದು ಅಜ್ಜಾರೇ, ಊರೇ" ಅಂದ.

ದೊಡ್ಡಪ್ಪ ಉಗುರಿನಿಂದ ಒಮ್ಮೆ ಕೆರೆದು ನೋಡಿದರು. "ಅಳಿಸಿ ಹೋಗಲ್ಲ ತಾನೇ?"

"ಇಲ್ಲ ದೊಡ್ಡಪ್ಪ. ಲೈಫ್‌ಟೈಮ್ ಗ್ಯಾರಂಟಿ."

ಮುಂದಿನ ಭಾನುವಾರ ಅದೇ ಊರಿನ ಇನ್ನೂ ಮೂವರನ್ನು ಕರೆದುಕೊಂಡು ಬರುತ್ತಾರಂತೆ. ಮಿರ್ಚಿ ಮಾಡಲಾ ಅಂತ ಹೆಂಡತಿ ಕೇಳಿದಳು. ಉಪ್ಪಿಟ್ಟು ಸಾಕು ಅಂದೆ.