ಗಾಜಿಗೆ ದುಡ್ಡಿಲ್ಲವಂತೆ

ಇನ್ನು ಯಾರ ಮನೆಯ ಅಟ್ಟವನ್ನೂ ನಾನು ಹತ್ತುವುದಿಲ್ಲ. ಭಾವ ಬೇಕಾದರೆ ಇಡೀ ಅಟ್ಟವನ್ನೇ ಗುಜರಿಗೆ ಹಾಕಲಿ. ಮಳೆಗಾಲಕ್ಕೆ ಮುಂಚೆ ಮನೆ ಚೊಕ್ಕಟ ಮಾಡಿ, ಅಟ್ಟದಲ್ಲಿದ್ದ ಹಳೆಯ ಗಿಟಾರ್ ಆಂಪ್ಲಿಫೈಯರನ್ನು ಗುಜರಿಗೆ ಕೊಟ್ಟರಂತೆ! "ಅದೊಂದು ಇರಲಿ ಭಾವ, ಜೀಪು ಮಾಡಿಕೊಂಡು ಬಂದು ಒಯ್ಯುತ್ತೇನೆ" ಎಂದು ಮೂರು ವರ್ಷದಿಂದ ಹೇಳುತ್ತಿದ್ದವನು ನಾನು. ಮೂರು ವರ್ಷ ಜೀಪು ಮಾಡದವನೂ ನಾನೇ. ಗೊತ್ತು, ಯಾರೂ ನೆನಪಿಸಬೇಕಾಗಿಲ್ಲ.

ವಾಕ್ಸ್ ಎಸಿ30 ಅದು. 1960ರ ದಶಕದ್ದು. ಬೀಟಲ್ಸ್‌ನವರು ಗಿಟಾರ್ ನುಡಿಸುತ್ತಿದ್ದ ಮಾದರಿ. ಕೊಪ್ಪದ ಕಡೆಯ ಎಸ್ಟೇಟಿನ ದೊರೆ ಬಿಟ್ಟುಹೋಗಿದ್ದು.

ಶಿವಮೊಗ್ಗದ ಆ ಗುಜರಿ ಅಂಗಡಿಗೆ ಇವತ್ತು ಬೆಳಿಗ್ಗೆ ನಾನು ಮುಟ್ಟುವಷ್ಟರಲ್ಲಿ ಟ್ರಾನ್ಸ್‌ಫಾರ್ಮರುಗಳನ್ನು ಒಡೆದು ತಾಮ್ರದ ತಂತಿಯನ್ನು ತಕ್ಕಡಿಗೆ ಹಾಕಿಯಾಗಿತ್ತು. ಹುಡುಗನೊಬ್ಬ ನೀಲಿ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ, ನೆಲದ ಮೇಲೆ ಎಳೆಯುತ್ತಾ ಮೊಳೆ ಆರಿಸುತ್ತಿದ್ದ. "ಒಳಗೆ ವಾಲ್ವುಗಳಿದ್ದವಲ್ಲ?" ಎಂದೆ. ದನಿ ಹಿಗ್ಗಿಸುವ ಗಾಜಿನ ಕೊಳವೆಗಳು ಅವು. ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗಲ್ಲಾದ ಪಕ್ಕದ ಡಬ್ಬಿಗೆ ಕೈಹಾಕಿ ನಾಲ್ಕೂ ಇಎಲ್84 ವಾಲ್ವುಗಳನ್ನು ತೆಗೆದು, "ಈ ಬಲ್ಬುಗಳೇ? ತೆಗೆದುಕೊಂಡು ಹೋಗಿ ಮಾರಾಯರೇ, ಗಾಜಿಗೆ ದುಡ್ಡಿಲ್ಲ" ಎಂದು ನನ್ನ ಅಂಗೈಗೆ ಸುರಿದರು. ಬಲ್ಬುಗಳು! ಹಳೆಯ ಪೇಪರ್ ತೂಗಿಸಲು ಬಂದಿದ್ದ ಹೆಂಗಸೊಬ್ಬರು "ಪಾಪ, ಅವರ ತಂದೆಯದ್ದೋ ಏನೋ" ಎಂದರು. ಅಲ್ಲ ಎನ್ನಲು ಬಾಯಿ ಬರಲಿಲ್ಲ. ಬಾಯಿ ಬಂದಾಗ ಏನೆಂದೆ ಗೊತ್ತೇ? "ಥ್ಯಾಂಕ್ಸ್" ಎಂದೆ! ಒಡೆದುಹಾಕಿದವರಿಗೆ ಥ್ಯಾಂಕ್ಸ್ ಹೇಳಿ ಬಂದ ಗಂಡಸು ನಾನು.

ಯಾರಾದರೂ ಉತ್ತರ ಕೊಡಿ. ಮೂವತ್ತು ಕಿಲೋ ಮೀರಿದ ಪೆಟ್ಟಿಗೆಯಲ್ಲಿ ಕಂಡದ್ದು ತಾಮ್ರ ಮಾತ್ರವೇ? ವಾಲ್ವುಗಳು ಇವತ್ತಿಗೂ ಹೊಸದಾಗಿ ಸಿಗುತ್ತವೆ, ಅವನ್ನು ಕೊಟ್ಟು ಏನು ಉಪಕಾರ? ವಾಲ್ವಿನ ಹೆಚ್ಚಿನ ವೋಲ್ಟೇಜನ್ನು ಸ್ಪೀಕರಿಗೆ ಒಗ್ಗುವಂತೆ ಇಳಿಸಿಕೊಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಆ ಕಾಲದ್ದನ್ನು ಇನ್ನೆಲ್ಲಿ ಹುಡುಕಲಿ? ಒಂದು ಫೋನ್ ಮಾಡಲು ಭಾವನಿಗೆ ಏನು ಧಾಡಿ? ನಾನು ಮಾಡಿದ್ದಕ್ಕೆ, "ಒಳ್ಳೆಯ ರೇಟು ಬಂತು ಮಾರಾಯ, ನಿನಗೇನಾದರೂ ಪಾಲು ಬೇಕೇ?" ಎಂದು ನಕ್ಕರು.

ಹೋಗಲಿ, ಅವರದ್ದೇನು ತಪ್ಪು. ನಮ್ಮ ಮನೆಯಲ್ಲಿರುವ ಏಳು ಆಂಪ್ಲಿಫೈಯರುಗಳಲ್ಲಿ ದನಿ ಹೊರಡುವುದು ಎರಡಕ್ಕೆ. ಉಳಿದವು ಪ್ರತಿ ಆಷಾಢದಲ್ಲೂ ಬೂಷ್ಟು ಹಿಡಿಯುತ್ತವೆ. ನಡೆಯುವ ಒಂದರ ಮೇಲೆ ನನ್ನ ಹೆಂಡತಿ ಹಪ್ಪಳದ ಡಬ್ಬಿ ಇಟ್ಟಿದ್ದಾಳೆ. ವಾಲ್ವಿನ ಕಾವಿಗೆ ಹಪ್ಪಳ ಮೆತ್ತಗಾಗುವುದಿಲ್ಲವಂತೆ. ನಾನು ನುಡಿಸಲಿ ಬಿಡಲಿ, ಸಂಜೆ ಅದನ್ನು ಹಚ್ಚಿಡುವವಳು ಅವಳೇ. ಗಿಟಾರಿನಲ್ಲಿ ನನಗೆ ಬರುವುದೋ, ಮೂರು ಕಾರ್ಡ್, ಅಂದರೆ ಮೂರೇ ಸ್ವರಗುಚ್ಛ. ಅದೂ ಕರೆಂಟ್ ಇದ್ದರೆ.

ಆದರೂ ತಾಮ್ರದ ಬೆಲೆ ನಾನೇ ಕೊಡುತ್ತಿದ್ದೆನಲ್ಲ! ಎರಡರಷ್ಟು ಕೊಡುತ್ತಿದ್ದೆ!

ನಾಲ್ಕು ವಾಲ್ವುಗಳನ್ನೂ ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಮರದ ಪೆಟ್ಟಿಗೆ, ವಜ್ರಾಕಾರದ ಗೆರೆಗಳ ಆ ಕಂದು ಬಟ್ಟೆಯ ಸಮೇತ, ಅಂಗಡಿಯ ಹಿಂದೆ ಮಳೆಯಲ್ಲಿ ನೆನೆಯುತ್ತಾ ಬಿದ್ದಿದೆ. ನಾಳೆ ಜೀಪಿಗೆ ಹೇಳಿದ್ದೇನೆ, ಅಷ್ಟರೊಳಗೆ ಯಾರೂ ಅದನ್ನು ಬಚ್ಚಲೊಲೆಗೆ ಹಾಕದಿದ್ದರೆ.