ಗೋಡೆ ಹಾರಿದ ಸೋರೆ ಬಳ್ಳಿ

ಸೋರೆ ಬಳ್ಳಿಗೆ ಗಡಿ ಗೊತ್ತಿಲ್ಲ. ನಾನು ಅದಕ್ಕೆ ಕೊಟ್ಟಿದ್ದು ಮನೆಯ ಹಿಂದಿನ ಒಂದು ಮೂಲೆ, ನಾಲ್ಕಡಿಯ ಚಪ್ಪರ. ಎರಡು ವಾರ ಒಳ್ಳೆಯ ಮಗುವಿನ ಹಾಗೆ ಅಲ್ಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಕುಡಿ ಕಾಂಪೌಂಡ್ ಗೋಡೆ ಹತ್ತಿ, ಪಕ್ಕದ ಮನೆಯ ಬಟ್ಟೆ ಒಣಗಿಸುವ ತಂತಿಯನ್ನು ಹಿಡಿದುಕೊಂಡು, ಆಚೆ ಇಣುಕುತ್ತಿದೆ. ಎಳೆದು ಈಚೆ ತರೋಣ ಎಂದು ಕೈ ಹಾಕಿದೆ. ಬಳ್ಳಿಯ ಸುರುಳಿ ಒಮ್ಮೆ ಏನನ್ನಾದರೂ ಸುತ್ತಿಕೊಂಡಿತು ಎಂದರೆ ಸ್ಪ್ರಿಂಗ್ ಥರ ಬಿಗಿಯಾಗುತ್ತದೆ. ಎಳೆದರೆ ಕುಡಿ ಮುರಿಯುತ್ತದೆ, ಸುರುಳಿ ಬಿಡುವುದಿಲ್ಲ. ಹೋಗಲಿ ಎಂದು ಬಿಟ್ಟೆ.

ಅಲ್ಲಿಯವರೆಗೆ ಪಕ್ಕದ ಮನೆಯ ಅಜ್ಜಿಗೂ ನನಗೂ ತಲೆ ಆಡಿಸುವಷ್ಟು ಮಾತ್ರ ಪರಿಚಯ. ಗೇಟಿನ ಹತ್ತಿರ ಎದುರಾದರೆ ಅವರು ಒಮ್ಮೆ ತಲೆ ಆಡಿಸುತ್ತಿದ್ದರು, ನಾನೊಮ್ಮೆ. ಆರು ವರ್ಷ ಹೀಗೇ ಆಡಿಸಿದ್ದೇವೆ.

ಬಳ್ಳಿ ಬೆಳೆಯಿತು, ಹೂವೂ ಬಿಟ್ಟಿತು, ಕಾಯಿ ಮಾತ್ರ ನಿಲ್ಲಲಿಲ್ಲ. ಸೋರೆಯ ಹೂವು ಬಿಳಿ. ಅರಳುವುದು ಸಂಜೆ, ಜೇನುಹುಳುಗಳು ಹಗಲಿನ ಡ್ಯೂಟಿ ಮುಗಿಸಿ ಮನೆಗೆ ಹೋದ ಮೇಲೆ. ಅದು ನಂಬಿಕೊಂಡಿರುವುದು ರಾತ್ರಿ ಹಾರುವ ಪತಂಗಗಳನ್ನು. ಪತಂಗ ಬರದಿದ್ದರೆ ಆ ಕೆಲಸ ನಾವೇ ಮಾಡಬೇಕು. ಗಂಡು ಹೂವು ಉದ್ದನೆಯ ತೊಟ್ಟಿನ ತುದಿಯಲ್ಲಿ ಬರೀ ಹೂವಾಗಿ ನಿಂತಿರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಪುಟ್ಟ ಸೋರೆಕಾಯಿ ಆಗಲೇ ತಯಾರಾಗಿ ಕೂತಿರುತ್ತದೆ, ಮೈ ತುಂಬ ನವಿರಾದ ಬಿಳಿ ಕೂದಲು. ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಕೂಡಿಬಂದರೆ ಎರಡು ಮೂರು ದಿನದಲ್ಲಿ ಆ ಪುಟ್ಟ ಕಾಯಿ ಊದಲು ಶುರುವಾಗುತ್ತದೆ. ಇಲ್ಲದಿದ್ದರೆ ಹಳದಿಯಾಗಿ ಉದುರುತ್ತದೆ.

ಇದನ್ನೆಲ್ಲ ಮೊಬೈಲಿನಲ್ಲಿ ನೋಡಿ ಕಲಿತೆ. ತೊಂದರೆ ಏನಾಯಿತೆಂದರೆ, ಹೆಣ್ಣು ಹೂವುಗಳೆಲ್ಲ ಗೋಡೆಯ ಆಚೆ ಇದ್ದವು.

ರಾತ್ರಿ ಎಂಟು ಗಂಟೆ. ಒಂದು ಸ್ಟೂಲ್, ಬಾಯಲ್ಲಿ ಟಾರ್ಚ್, ಕೈಯಲ್ಲಿ ಎಸಳು ಕಿತ್ತ ಗಂಡು ಹೂವು. ಅರ್ಧ ಮೈ ಗೋಡೆಯ ಮೇಲೆ.

"ಯಾರದು ಅಲ್ಲಿ?"

"ನಾನೇ ಅಜ್ಜೀ, ಪಕ್ಕದ ಮನೆ. ಹೂವಿಗೆ..." ಮುಂದೆ ಏನು ಹೇಳಬೇಕೋ ತೋಚಲಿಲ್ಲ. "ಹೂವಿಗೆ ಮದುವೆ ಮಾಡಿಸ್ತಿದ್ದೀನಿ."

ಅಜ್ಜಿ ಒಂದು ಕ್ಷಣ ಸುಮ್ಮನಿದ್ದರು. "ಹಾಗಾದ್ರೆ ಬಾಗಿಲಿಂದ ಬಾಪ್ಪ. ಮದುವೆಗೆ ಯಾರಾದ್ರೂ ಗೋಡೆ ಹಾರಿ ಬರ್ತಾರಾ?"

ಟಾರ್ಚ್ ಹಿಡಿದವರು ಅವರು. ಸವರಿದವನು ನಾನು. ಅರ್ಧ ಗಂಟೆಯಲ್ಲಿ ನನ್ನ ಬಳ್ಳಿ ಸಾಕುವ ಕ್ರಮದ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಹೇಳಿದರು. ಬಳ್ಳಿ ಎಳೆಯದಾಗಿದ್ದಾಗಲೇ ಕುಡಿ ಚಿವುಟಬೇಕಿತ್ತು, ಆಗ ಪಕ್ಕದ ಕವಲು ಒಡೆಯುತ್ತದೆ, ಹೆಣ್ಣು ಹೂವು ಜಾಸ್ತಿ ಬರುವುದು ಆ ಕವಲುಗಳಲ್ಲೇ. ನೀರು ಬುಡಕ್ಕೆ ಹಾಕಬೇಕು, ಎಲೆಗೆ ಸ್ನಾನ ಮಾಡಿಸಬಾರದು. ಇಷ್ಟು ತಿಳಿದವರು ಆರು ವರ್ಷ ಒಂದು ಗೋಡೆಯ ಆಚೆ ಇದ್ದರು, ನಾನು ಎಲ್ಲೋ ಯಾರೋ ಮಾಡಿದ ವಿಡಿಯೋ ನೋಡುತ್ತಾ ಕೂತಿದ್ದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಪಕ್ಕದ ಮನೆಯವರ ವಿಷಯದಲ್ಲೂ ನಮ್ಮದು ಅದೇ ಕತೆ.

ಸುಳ್ಳು ಯಾಕೆ, ನಾನು ತರಕಾರಿ ಬೆಳೆಯಲು ಹೊರಟದ್ದು ಲೋಕೋದ್ಧಾರಕ್ಕೆ. ತಟ್ಟೆಗೆ ಬರುವ ಮುಂಚೆ ಆಹಾರ ಎಷ್ಟು ದೂರ ಓಡಾಡಿದೆ ಎನ್ನುವ ಲೆಕ್ಕಕ್ಕೆ ಫುಡ್ ಮೈಲ್ಸ್ ಅನ್ನುತ್ತಾರೆ. 1990ರ ದಶಕದಲ್ಲಿ ಬ್ರಿಟನ್ನಿನ ಪ್ರಾಧ್ಯಾಪಕ ಟಿಮ್ ಲ್ಯಾಂಗ್ ಚಾಲ್ತಿಗೆ ತಂದ ಮಾತು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಲವರು, ನೂರು ಮೈಲಿಯೊಳಗೆ ಬೆಳೆದದ್ದನ್ನೇ ಒಂದು ತಿಂಗಳು ತಿನ್ನೋಣ ಎಂದು ಪಣ ತೊಟ್ಟರು. ಅವರಲ್ಲೊಬ್ಬರಾದ ಜೆಸ್ಸಿಕಾ ಪ್ರೆಂಟಿಸ್ ಇಂಥ ಊಟದವರಿಗೆ ಲೋಕವೋರ್ ಎಂದು ಹೆಸರಿಟ್ಟರು. ಎರಡೇ ವರ್ಷಕ್ಕೆ, 2007ರಲ್ಲಿ, ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟು ಅದನ್ನು ವರ್ಷದ ಪದವಾಗಿ ಆರಿಸಿತು. ಮೊದಲ ಸಲ ಕಿವಿಗೆ ಬಿದ್ದಾಗ ಲೋಕವನ್ನೇ ನುಂಗುವವನು ಇರಬೇಕು ಅಂದುಕೊಂಡಿದ್ದೆ. ಅರ್ಥ ನೋಡಿದರೆ ತದ್ವಿರುದ್ಧ.

ಆ ಉತ್ಸಾಹಕ್ಕೆ ತಣ್ಣೀರು ಎರಚಿದ ಲೆಕ್ಕವೂ ಇದೆ. ವೆಬರ್ ಮತ್ತು ಮ್ಯಾಥ್ಯೂಸ್ ಎಂಬಿಬ್ಬರು 2008ರಲ್ಲಿ ಅಮೆರಿಕದ ಮನೆಗಳ ಊಟವನ್ನು ಲೆಕ್ಕಕ್ಕೆ ಹಿಡಿದರು. ಆಹಾರದಿಂದ ಹೊಮ್ಮುವ ಹಸಿರುಮನೆ ಅನಿಲದಲ್ಲಿ ಎಲ್ಲ ಬಗೆಯ ಸಾಗಾಣಿಕೆಯ ಪಾಲು ಶೇ. 11. ಅದರಲ್ಲೂ ಬೆಳೆದವರಿಂದ ಅಂಗಡಿಗೆ ತರುವ ಕೊನೆಯ ಪ್ರಯಾಣದ್ದು ಬರೀ ಶೇ. 4. ಮಿಕ್ಕಿದ್ದರಲ್ಲಿ ಬಹುಪಾಲು ಬೆಳೆಯುವಾಗಲೇ, ಸಾಕುವಾಗಲೇ ಆಗಿಹೋಗಿರುತ್ತದೆ. ಎಲ್ಲಿಂದ ಬಂತು ಅನ್ನುವುದಕ್ಕಿಂತ ಏನು ತಿಂದೆವು ಅನ್ನುವುದೇ ಭೂಮಿಗೆ ಹೆಚ್ಚು ಭಾರ. ಇನ್ನು ನಾನು ಒಂದು ಚೀಲ ಗೊಬ್ಬರ ತರಲು ಸ್ಕೂಟರಿನಲ್ಲಿ ಎಷ್ಟು ಸುತ್ತಿದೆ ಎಂದು ಕೂಡಿಸಿದರೆ, ನನ್ನ ಸೋರೆಕಾಯಿಯೂ ದೂರದಿಂದಲೇ ಬಂದದ್ದು.

ಅಂದಹಾಗೆ ಸೋರೆಯ ಬೇರು ಹುಡುಕುತ್ತಾ ಹೋದರೆ ಇನ್ನೂ ತಮಾಷೆ. ಅದರ ತವರು ಆಫ್ರಿಕಾ. ಆದರೂ ಹಡಗುಗಳೆಲ್ಲ ಹುಟ್ಟುವ ಎಷ್ಟೋ ಸಾವಿರ ವರ್ಷ ಮೊದಲೇ ಅಮೆರಿಕ ಖಂಡದಲ್ಲಿ ಅದು ಇತ್ತು. ಒಣಗಿದ ಬುರುಡೆ ನೀರಿನ ಮೇಲೆ ತೇಲುತ್ತದೆ, ಒಳಗಿನ ಬೀಜ ಬೆಚ್ಚಗೆ ಉಳಿಯುತ್ತದೆ. ಅಟ್ಲಾಂಟಿಕ್ ಸಾಗರವನ್ನು ತೇಲಿಕೊಂಡೇ ದಾಟಿರಬೇಕು ಎಂದು 2014ರ ಒಂದು ವಂಶವಾಹಿ ಅಧ್ಯಯನ ಹೇಳಿತು. ಸಾಗರವನ್ನೇ ದಾಟಿದ ಕುಲಕ್ಕೆ ನಮ್ಮ ಐದಡಿ ಗೋಡೆ ಯಾವ ಲೆಕ್ಕ?

ರುಚಿಯ ಮಾತು ಬೇರೆ. ಅಲ್ಲಿ ಹತ್ತಿರದ್ದೇ ಗೆಲ್ಲುತ್ತದೆ, ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ತಯಾರು. ದೂರ ಹೋಗುವ ಟೊಮ್ಯಾಟೊವನ್ನು ಹಸಿರಾಗಿದ್ದಾಗಲೇ ಕೀಳುತ್ತಾರೆ, ಆಮೇಲೆ ಎಥಿಲೀನ್ ಅನಿಲ ಕೊಟ್ಟು ಕೆಂಪಾಗಿಸುತ್ತಾರೆ. ಬಣ್ಣ ಬರುತ್ತದೆ, ಗಿಡದಲ್ಲೇ ಹಣ್ಣಾದದ್ದರ ಘಮ ಬರುವುದಿಲ್ಲ. ಸಿಹಿ ಜೋಳವಂತೂ ಕಿತ್ತ ಗಳಿಗೆಯಿಂದಲೇ ತನ್ನ ಸಕ್ಕರೆಯನ್ನು ಪಿಷ್ಟ ಮಾಡಿಕೊಳ್ಳಲು ಶುರು ಮಾಡುತ್ತದೆ. ನನ್ನ ಬಕೆಟ್ಟಿನ ಟೊಮ್ಯಾಟೊ ಗಿಡ ಆ ವರ್ಷ ಕೊಟ್ಟದ್ದು ಹನ್ನೊಂದೇ ಹಣ್ಣು. ಎರಡನ್ನು ಅಳಿಲು ತಿಂದಿತು. ಉಳಿದ ಒಂಬತ್ತನ್ನು ಯಾರಿಗೂ ಕೊಡಲಿಲ್ಲ.

ಇಲ್ಲೇ ನೋಡಿ ವಿಷಯ ಇರುವುದು. ಹನ್ನೊಂದು ಟೊಮ್ಯಾಟೊ ನನ್ನನ್ನು ಒಳಗೇ ಇಟ್ಟಿತು. ಸೋರೆಕಾಯಿ ಬೀದಿಗೆ ತಂದಿತು.

ಅಜ್ಜಿಯ ಟಾರ್ಚಿನ ಬೆಳಕಿನಲ್ಲಿ ಆದ ಮದುವೆಗಳೆಲ್ಲ ಫಲಿಸಿದವು. ಮೊದಲ ಕಾಯಿ ಕುಯ್ದಾಗ ಫೋಟೋ ತೆಗೆದೆವು. ಎರಡನೆಯದನ್ನು ಖುಷಿಯಿಂದ ತಿಂದೆವು. ಮೂರನೆಯ ವಾರದಲ್ಲಿ ಒಂದೇ ದಿನ ಐದು ಕಾಯಿ. ಮನೆಯಲ್ಲಿ ಇರುವವರು ಮೂವರು. ಸೋರೆಕಾಯಿಯನ್ನು ಕುಯ್ಯದೆ ಬಿಡೋಣ ಎಂದರೆ ಬಲಿತು ಮರದ ಹಾಗಾಗುತ್ತದೆ, ಬಳ್ಳಿಯೂ ಇನ್ನು ಸಾಕು ಎಂದು ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಕುಯ್ದರೆ ಮತ್ತಷ್ಟು ಬಿಡುತ್ತದೆ. ಫ್ರಿಜ್ಜಿನ ಬಾಗಿಲು ಹಾಕಲು ಮೊಣಕಾಲು ಬೇಕಾಯಿತು. "ಇವತ್ತೂ ಅದೇನಾ?" ಎಂದು ಮಗಳು ಕೇಳಿದ ದಿನ ಎರಡು ಕಾಯಿ ಕಂಕುಳಲ್ಲಿ ಇರುಕಿಕೊಂಡು ಹೊರಟೆ.

ಬೆಲ್ ಒತ್ತಿ ಸೋರೆಕಾಯಿ ಕೊಡುವುದು ಸುಲಭದ ಕೆಲಸ ಅಂದುಕೊಳ್ಳಬೇಡಿ. ಮೊದಲನೆಯವರು ಬಾಗಿಲನ್ನು ಅರ್ಧ ತೆರೆದು "ನಾವೇನೂ ತರಿಸಿಲ್ಲ" ಎಂದರು. ಎರಡನೆಯವರು ಎಷ್ಟು ಕೊಡಬೇಕು ಎಂದು ಪರ್ಸ್ ತಂದರು. ಎದುರು ಮನೆಯ ಮಹಡಿಯವರು ಕಾಯಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ "ಯಾಕೆ?" ಎಂದರು. ನಿಜಕ್ಕೂ ಒಳ್ಳೆಯ ಪ್ರಶ್ನೆ. ಜಾಸ್ತಿ ಆಗಿದೆ ಎಂದೆ. ಅವರ ಮುಖ ಸಡಿಲವಾಯಿತು. ಪ್ರೀತಿಯಿಂದ ತಂದೆ ಅಂದಿದ್ದರೆ ಅನುಮಾನ ಇನ್ನೂ ಹೆಚ್ಚುತ್ತಿತ್ತೇನೋ.

ಕೊಡುವಾಗ ಅಜ್ಜಿ ಕಲಿಸಿದ ಒಂದು ಮಾತನ್ನು ಮಾತ್ರ ತಪ್ಪದೆ ಸೇರಿಸುತ್ತಿದ್ದೆ. ಬೇಯಿಸುವ ಮುಂಚೆ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ, ಬೇಯಿಸಿದರೂ ಕಹಿ ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ. ಸೋರೆಯ ಜಾತಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಕೆಲವೊಮ್ಮೆ ಹೆಚ್ಚಾಗಿಬಿಡುತ್ತದೆ. ಹಾಗಾಗಿ ಮರುದಿನ ಕೊಟ್ಟ ಮನೆಗಳ ಮುಂದೆ ಹಾದುಹೋಗುವಾಗ ಒಂದು ಕಣ್ಣು ಅತ್ತ ಇಟ್ಟೇ ನಡೆಯುತ್ತಿದ್ದೆ. ಎಲ್ಲರೂ ಚೆನ್ನಾಗಿದ್ದರು. "ಕಹಿ ಇರಲಿಲ್ಲ" ಎಂದು ಮಹಡಿಯವರು ಮೇಲಿಂದಲೇ ಕೂಗಿದರು. ನಮ್ಮ ಬೀದಿಯಲ್ಲಿ ಯಾರಾದರೂ ನನ್ನನ್ನು ಮೇಲಿಂದ ಕೂಗಿ ಮಾತಾಡಿಸಿದ್ದು ಅದೇ ಮೊದಲು.

ಇಂಗ್ಲೆಂಡಿನ ಟಾಡ್‌ಮೊರ್ಡನ್ ಎಂಬ ಸಣ್ಣ ಊರಿನವರು ಇದನ್ನೇ ಬೇಕೆಂತಲೇ ಮಾಡಿದರು. 2008ರಲ್ಲಿ ಪ್ಯಾಮ್ ವಾರ್ಹರ್ಸ್ಟ್ ಮತ್ತು ಸಂಗಡಿಗರು ಪೊಲೀಸ್ ಠಾಣೆಯ ಮುಂದೆ, ರೈಲು ನಿಲ್ದಾಣದಲ್ಲಿ, ಆರೋಗ್ಯ ಕೇಂದ್ರದ ಅಂಗಳದಲ್ಲಿ ತರಕಾರಿ, ಸೊಪ್ಪು ನೆಟ್ಟರು. ಬೇಲಿ ಇಲ್ಲ, ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಊರಿನ ಹೊಟ್ಟೆ ತುಂಬಿಸುವುದು ಅವರ ಲೆಕ್ಕವಾಗಿರಲಿಲ್ಲ. ಅವನ್ನು ಪ್ರಚಾರದ ತೋಟ ಎಂದೇ ಕರೆದರು, ಬಂದವರು ನಿಂತು ಮಾತಾಡಲಿ ಎಂದು. ಯುದ್ಧಕಾಲದ ತೋಟಗಳ ಕತೆ ಇದಕ್ಕಿಂತ ದೊಡ್ಡದು: 1943ರಲ್ಲಿ ಅಮೆರಿಕದಲ್ಲಿ ಸುಮಾರು 2 ಕೋಟಿ ಮನೆತೋಟಗಳಿದ್ದವಂತೆ, ಶ್ವೇತಭವನದ ಹುಲ್ಲುಹಾಸಿನಲ್ಲೂ ಒಂದು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಮತ್ತೆ ಹುಲ್ಲಾದವು. ಕೊರತೆಗೆಂದು ನೆಟ್ಟ ತೋಟ ಕೊರತೆ ತೀರಿದ ಮೇಲೆ ಯಾಕೆ ಉಳಿಯಬೇಕು? ನನಗೆ ಟಾಡ್‌ಮೊರ್ಡನ್ನಿನವರೇ ಹತ್ತಿರದ ನೆಂಟರು ಅನ್ನಿಸುತ್ತಾರೆ.

ಸೋರೆಕಾಯಿ ಹೋದ ದಾರಿಯಲ್ಲೇ ಸಿಪ್ಪೆ ವಾಪಸ್ ಬರತೊಡಗಿತು. ಒಬ್ಬರು ಕೇಳಿದರು, ನಮ್ಮ ತರಕಾರಿ ಸಿಪ್ಪೆ ನಿಮ್ಮ ಗೊಬ್ಬರದ ಡಬ್ಬಕ್ಕೆ ಆಗುತ್ತಾ ಎಂದು. ಆಗುತ್ತೆ ಎಂದೆ, ಸ್ವಲ್ಪ ಜಂಬದಿಂದಲೇ. ವಾರದಲ್ಲಿ ಐದು ಮನೆಯ ಸಿಪ್ಪೆ. ಗೊಬ್ಬರದ ಡಬ್ಬಕ್ಕೆ ಹಸಿ ಮಾತ್ರ ಹಾಕಿದರೆ ಗಾಳಿಯಾಡದೆ ಕೊಳೆಯುತ್ತದೆ, ಒಣ ಎಲೆ ಅದರ ಮೇಲೆ ಧಾರಾಳವಾಗಿ ಹರಡಬೇಕು. ನಾನು ಹರಡಲಿಲ್ಲ. ಒಂದು ಭಾನುವಾರ ಎದ್ದ ನಾತಕ್ಕೆ ಬೀದಿಯ ಅರ್ಧ ಜನ ಮೂಗು ಮುಚ್ಚಿಕೊಂಡು ನಮ್ಮ ಮನೆಯ ಹಿಂದೆ ಸೇರಿದರು. ಬೈಯಲು ಬಂದವರೇ. ಆದರೆ ಬೈಯುತ್ತಾ ಬೈಯುತ್ತಾ ಒಬ್ಬರು ಒಣ ಎಲೆ ಗುಡಿಸಿ ತಂದರು, ಮತ್ತೊಬ್ಬರು ಡಬ್ಬದ ಪಕ್ಕಕ್ಕೆ ತೂತು ಹೊಡೆಯಲು ಡ್ರಿಲ್ ತಂದರು. ಮಹಡಿಯವರು ಏನೂ ತರಲಿಲ್ಲ. ನಿಂತು ಸಲಹೆ ಕೊಟ್ಟರು. ಅದಕ್ಕೂ ಒಬ್ಬರು ಬೇಕು, ಅಲ್ವಾ?

ವರ್ಷದ ಕೊನೆಗೆ ಅಜ್ಜಿ ಒಂದು ಕಾಯಿಯನ್ನು ಮುಟ್ಟಬೇಡ ಎಂದರು. ಅದು ತಂತಿಯಲ್ಲೇ ಬಲಿತು, ಒಣಗಿ, ತಿಳಿ ಕಂದು ಬಣ್ಣಕ್ಕೆ ತಿರುಗಿತು. ಅಲ್ಲಾಡಿಸಿದರೆ ಒಳಗೆ ಗಲಗಲ. ಒಡೆದರೆ ನೂರಾರು ಬೀಜ. ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಕುಡಿ ಚಿವುಟುವುದನ್ನು ಹೇಳಿಕೊಟ್ಟು, ಎಲ್ಲ ಮನೆಗೂ ಹಂಚಿದರು. ನಾನು ಬೇಡ ಅಂದೆ, ಹತ್ತು ಬೀಜ ಸಾಕು ಅಂದೆ. ಕೇಳಲಿಲ್ಲ.

ಈಗ ಆರು ಮನೆಯಲ್ಲಿ ಸೋರೆ ಬಳ್ಳಿ ಇದೆ. ಮೊನ್ನೆ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಪಕ್ಕ ಒಂದು ಸೋರೆಕಾಯಿ ಮಲಗಿತ್ತು. ಪಕ್ಕದಲ್ಲಿ ಇನ್ನೊಂದು. ಯಾರಿಟ್ಟರೆಂದು ಗೊತ್ತಿಲ್ಲ. ತಲೆ ಎತ್ತಿದೆ. ಮಹಡಿಯವರು ಬಾಲ್ಕನಿಯಲ್ಲಿ ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ "ನಾವಲ್ಲಪ್ಪ, ನಮ್ಮ ಬಳ್ಳಿ ಇನ್ನೂ ಬಿಟ್ಟಿಲ್ಲ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಇವರು ಕದ್ದವರಲ್ಲ, ಇಟ್ಟು ಹೋದವರು, ಅಷ್ಟೇ ವ್ಯತ್ಯಾಸ.

ಎರಡನ್ನೂ ಒಳಗೆ ತಂದೆ. ಫ್ರಿಜ್ಜಿನಲ್ಲಿ ಜಾಗ ಇರಲಿಲ್ಲ. ಕತ್ತಲಾಗುವುದನ್ನೇ ಕಾದು, ಸ್ಟೂಲ್ ಹಾಕಿಕೊಂಡು, ಸದ್ದಾಗದ ಹಾಗೆ ಗೋಡೆಯ ಆಚೆ ಇಳಿಬಿಟ್ಟೆ.

"ಬಾಗಿಲಿಂದ ಬಾಪ್ಪ" ಎಂದರು ಅಜ್ಜಿ ಒಳಗಿನಿಂದಲೇ. "ಬರುವಾಗ ಅವನ್ನ ವಾಪಸ್ ತಗೊಂಡು ಹೋಗೋಕೆ ಒಂದು ಚೀಲ ತಾ."