40×60ಕ್ಕಿಂತ ಚಿಕ್ಕ ಸೈಟು ಬೇಡವಂತೆ!

ನಮ್ಮ ಏರಿಯಾದವರ ಭಾನುವಾರದ ಮೀಟಿಂಗಿಂದ ಬಂದಾಗಿನಿಂದ ಮೈಯೆಲ್ಲ ಉರೀತಿದೆ. ಬರೆದು ಹೊರಗೆ ಹಾಕದೆ ಇವತ್ತೂ ನಿದ್ದೆ ಬರಲ್ಲ.

ಮೈಸೂರಿನ ಹೆಬ್ಬಾಳದ ಕಡೆ, ನಮ್ಮ ಏರಿಯಾಗೆ ಅಂಟಿಕೊಂಡಂತೆ, ಹಳೇ ಕ್ವಾರ್ಟರ್ಸ್ ಜಾಗ ಇದೆ. ಹೆಂಚು ಕುಸಿದು, ಗೋಡೆ ಮೇಲೆ ಅರಳಿ ಗಿಡ ಹುಟ್ಟಿ ವರ್ಷಗಳೇ ಆದವು. ಅದನ್ನೆಲ್ಲ ಕೆಡವಿ ಹೊಸ ಬಡಾವಣೆ ಮಾಡುವ ಮಾತು ನಡೀತಿದೆ. ನಕ್ಷೆಯಲ್ಲಿ ಬಹುಪಾಲು 20×30, 30×40 ಸೈಟು, ಒಂದು ಮೂಲೆಗೆ ನಾಲ್ಕಂತಸ್ತಿನ ಫ್ಲಾಟು. ಆ ನಕ್ಷೆ ನೋಡಿದ ರಾತ್ರಿ ನಾನು, ನಮ್ಮನೆಯವರು ಪಾಸ್‌ಬುಕ್ ಇಟ್ಟುಕೊಂಡು ಕೂತು ಲೆಕ್ಕ ಹಾಕಿದ್ದೆವು.

ಮೀಟಿಂಗಲ್ಲಿ ಹಿರಿಯರೊಬ್ಬರು ಎದ್ದು, 40×60ಕ್ಕಿಂತ ಕಡಿಮೆ ಸೈಟು ಬೇಡವೇ ಬೇಡ, ಫ್ಲಾಟಂತೂ ಕೂಡದು ಅಂದರು. ಚಪ್ಪಾಳೆ ಬಿತ್ತು. ಆಮೇಲೆ ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಚಿಕ್ಕ ಚಿಕ್ಕ ಸೈಟು ಮಾಡಿದ್ರೆ ಎಂಥೆಂಥ ಜನ ಬಂದು ಸೇರ್ಕೋತಾರೋ ಏನೋ.’

ಎಂಥೆಂಥ ಜನ ಅಂದ್ರೆ ನಾವೇ ಸಾರ್. ಹಿಂದಿನ ಸಾಲಲ್ಲಿ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಮಾತು ಕೇಳ್ತಾ ಇದ್ದೆನಲ್ಲ, ನಾನೇ. ಹೂಟಗಳ್ಳಿಯಲ್ಲಿ ಶಿಫ್ಟ್ ಕೆಲಸ ಮಾಡೋಳು. ನಿಮ್ಮನೆಗೆ ಬೆಳಗ್ಗೆ ಹಾಲು ಹಾಕೋನು, ಪಾತ್ರೆ ತಿಕ್ಕೋಕೆ ಬರೋ ಅಕ್ಕ, ನಿಮ್ಮ ಮೊಮ್ಮಗನ್ನ ಸ್ಕೂಲಿಗೆ ಬಿಡೋ ಆಟೋದವರು. ನಿಮ್ಮ ಮನೆ ಬಾಗಿಲಿಗೆ ಬರಬಹುದು, ಪಕ್ಕದ ರಸ್ತೆಯಲ್ಲಿ ವಾಸ ಮಾತ್ರ ಮಾಡಬಾರದಾ?

ನಾವಿರೋದು ಮೂರನೇ ಮಹಡಿ ಮೇಲಿನ ಶೀಟ್ ಮನೆ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಾದರೂ ಶೀಟು ಕಾವು ಬಿಡಲ್ಲ. ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಟವಲ್ ಹಾಸಿ ಅದರ ಮೇಲೆ ಮಗಳನ್ನ ಮಲಗಿಸ್ತೀನಿ. ಹನ್ನೊಂದು ತಿಂಗಳಿಗೊಂದು ಅಗ್ರಿಮೆಂಟು, ಪ್ರತಿ ಸಲ ಬಾಡಿಗೆ ಜಾಸ್ತಿ. ನಾನು 50×80 ಕೇಳಲಿಲ್ಲ. ಆರುನೂರು ಚದರಡಿ ಸಾಕು, ತಾರಸಿ ನಮ್ಮದು ಅಂತ ಇದ್ದರೆ ಸಾಕು.

ಒಂದು ಎಕರೆ ಅಂದ್ರೆ 43,560 ಚದರಡಿ. ರಸ್ತೆ, ಪಾರ್ಕು, ಸ್ಕೂಲು ಆಸ್ಪತ್ರೆಯಂಥದ್ದಕ್ಕೆ ಬಿಡೋ ಸಿಎ ಸೈಟು ಅಂತ ಅರ್ಧ ಬಿಟ್ಟರೂ ಅಂದುಕೊಳ್ಳಿ, ಉಳಿದದ್ದರಲ್ಲಿ 40×60 ಆದರೆ ಒಂಬತ್ತು ಸೈಟು. 30×40 ಆದರೆ ಹದಿನೆಂಟು. 20×30 ಆದರೆ ಮೂವತ್ತಾರು ಸಂಸಾರ. ಮೂವತ್ತಾರರ ಜಾಗದಲ್ಲಿ ಒಂಬತ್ತೇ ಆದರೆ ಮಿಕ್ಕ ಇಪ್ಪತ್ತೇಳು ಸಂಸಾರ ಎಲ್ಲಿಗೆ ಹೋಗಬೇಕು? ಇಲವಾಲದಾಚೆ, ಜಯಪುರದ ದಾರಿಯಲ್ಲಿ ರಾಗಿ ಹೊಲ ಕುಯ್ದು ಕಲ್ಲು ನೆಟ್ಟ, ಮಂಜೂರಾತಿ ಇಲ್ಲದ ರೆವಿನ್ಯೂ ಸೈಟಿಗಾ? ನನ್ನ ತಮ್ಮ ಹೋದ. ಚರಂಡಿ ಇಲ್ಲ, ಬೀದಿ ದೀಪ ಇಲ್ಲ, ಬ್ಯಾಂಕಲ್ಲಿ ಸಾಲ ಕೇಳಿದರೆ ಖಾತೆ ಸರಿ ಇಲ್ಲ ಅಂತಾರೆ. ರಾತ್ರಿ ಪಾಳಿ ಮುಗಿಸಿ ಬಂದರೆ ಬಸ್ಸಿಳಿದು ಮೂರು ಕಿಲೋಮೀಟರ್ ನಡೀಬೇಕು, ಮೊಬೈಲ್ ಟಾರ್ಚಲ್ಲಿ.

ನೀರು ಸಾಲಲ್ಲ ಅಂದರು. ಕೊರತೆ ಇರೋದು ನಿಜ, ನಾನೇನು ಇಲ್ಲ ಅನ್ನಲ್ಲ. ಆದರೆ ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರದ್ದೇ ಲೆಕ್ಕ. ನಮ್ಮ ಮೂರು ಜನಕ್ಕೆ ಅಷ್ಟು ಯಾವತ್ತೂ ಸಿಕ್ಕಿಲ್ಲ. ನೀರಿನ ಮಾತು ತೆಗೆದವರ ಮನೆ ಮುಂದೆ ದಿನಾ ಬೆಳಗ್ಗೆ ಪೈಪು ಹಿಡಿದು ಕಾರು ತೊಳೀತಾರೆ, ಆ ನೀರು ಮೋರಿ ತನಕ ಹರಿಯುತ್ತೆ. ಹುಲ್ಲುಹಾಸಿಗೆ ಬೇರೆ. ಒಳಚರಂಡಿ ಪೈಪು ಹಳೇದು, ಜನ ಜಾಸ್ತಿಯಾದರೆ ಕಟ್ಟಿಕೊಳ್ಳುತ್ತೆ ಅಂದರು ಇನ್ನೊಬ್ಬರು. ಆ ಮಾತು ಒಪ್ಪುತ್ತೀನಿ. ಹಾಗಾದರೆ ದೊಡ್ಡ ಪೈಪು ಹಾಕಿ, ಆಮೇಲೆ ಸೈಟು ಹಂಚಿ ಅಂತ ಹಠ ಹಿಡೀರಿ, ನಾನೂ ನಿಮ್ಮ ಜೊತೆ ನಿಲ್ತೀನಿ. ಪಾರ್ಕಿಂಗ್ ಜಾಗ ಬಿಡದೆ ನಾಲ್ಕು ಮಹಡಿ ಏರಿಸೋರನ್ನ ಹಿಡೀರಿ, ಅದಕ್ಕೂ ಬರ್ತೀನಿ. ಪೈಪಿನ ನೆಪದಲ್ಲಿ ನಮ್ಮನ್ನೇ ಬೇಡ ಅನ್ನೋದು ಯಾವ ನ್ಯಾಯ?

ಪ್ಲೇಗು ಬಂದು ಜನ ಸತ್ತ ಮೇಲೆ, ಇಕ್ಕಟ್ಟಿನ ಕೇರಿಗಳಿಂದ ಜನರನ್ನ ಗಾಳಿ ಬೆಳಕಿನ ಜಾಗಕ್ಕೆ ತರಬೇಕು ಅಂತ 1903ರಲ್ಲೇ, ಬಡಾವಣೆ ಮಾಡಿ ಸೈಟು ಹಂಚೋ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದ ಊರು ಇದು. ಮೊನ್ನೆ ಚಪ್ಪಾಳೆ ಹೊಡೆದವರಲ್ಲಿ ಎಷ್ಟೋ ಜನ ಅಂಥ ಸರ್ಕಾರಿ ಸೈಟಿಗೆ ಅರ್ಜಿ ಹಾಕಿ, ಕಂತು ಕಟ್ಟಿ ಮನೆ ಮಾಡಿಕೊಂಡವರೇ. ಹತ್ತಿದ ಏಣಿ ಒದೆಯೋದು ಅಂದ್ರೆ ಇದೇ.

ಇನ್ನೊಂದು ಹೇಳಲೇಬೇಕು. ನಮ್ಮ ಬೀದಿ ಕೊನೆಯಲ್ಲಿ 50×80 ಸೈಟೊಂದು ನಾನು ಬಂದಾಗಿನಿಂದ ಖಾಲಿ ಬಿದ್ದಿದೆ. ಸೊಂಟದೆತ್ತರ ಪಾರ್ಥೇನಿಯಂ, ಮೇಲೆ ಯಾರೋ ಸುರಿದ ಕಟ್ಟಡದ ಕಸ, ಕಮೋಡಿನ ಚೂರು. ಹೋದ ಮಳೆಗಾಲದಲ್ಲಿ ಅಲ್ಲಿಂದ ಮಂಡಲದ ಹಾವು ರಸ್ತೆಗೆ ಬಂದಿತ್ತು. ಅದರಿಂದ ಏರಿಯಾ ಹಾಳಾಗುತ್ತೆ ಅಂತ ಯಾರೂ ಮೀಟಿಂಗ್ ಕರೆಯಲಿಲ್ಲ.

ಮುಂದಿನ ಭಾನುವಾರ ಸಹಿ ಹಾಕಿಸಿ ಅರ್ಜಿ ಕೊಡ್ತಾರಂತೆ. ಬಾಡಿಗೆಯವರ ಸಹಿ ಬೇಡ ಅಂದರು. ನಾವೂ ಒಂದು ಅರ್ಜಿ ಬರೆದಿದ್ದೀವಿ, ಶೀಟ್ ಮನೆ, ಔಟ್‌ಹೌಸು, ಗ್ಯಾರೇಜು ರೂಮು ಅಂತ ಬಾಗಿಲು ಬಾಗಿಲು ಹತ್ತಿ ಇವತ್ತಿಗೆ ಅರವತ್ತೆರಡು ಸಹಿ ಆಗಿದೆ. ಹೆಬ್ಬಾಳದ ಸುತ್ತ ಬಾಡಿಗೆಗಿರೋರು ಶನಿವಾರದೊಳಗೆ ನಮಗೆ ಸಿಗಿ.